ಗೋರಿಕಲ್ಲು ಹುಡುಕಿ ಹೊರಟವನು

ಕೆಳಗೆ ಗುಂಡಿಯಲ್ಲಿ ಇಬ್ಬರು ಅಗೆಯುತ್ತಿದ್ದರು. ಮೇಲೆ ದಿಬ್ಬದಲ್ಲಿ ಒಬ್ಬ ಬಂದೂಕನ್ನು ಮೊಣಕಾಲ ಮೇಲಿಟ್ಟುಕೊಂಡು ಕಾವಲು ಕೂತಿದ್ದ. 1877ರ ಬೇಸಿಗೆ, ಅರಿಜೋನದ ತೆಂಕಣ ಮೂಲೆ, ಮೆಕ್ಸಿಕೊ ಗಡಿ ಹೆಚ್ಚು ದೂರವಿಲ್ಲ. ಕಾವಲಿನವನ ಕೆಲಸ ಸರಳವಾಗಿತ್ತು. ದೂರದಲ್ಲಿ ಧೂಳೆದ್ದರೆ ಕೂಗಬೇಕು, ಧೂಳಿನ ಕೆಳಗೆ ಕುದುರೆ ಕಂಡರೆ ಗುಂಡು ಹಾರಿಸಬೇಕು. ಆದರೆ ಅವನ ಕಣ್ಣು ಧೂಳಿನ ಮೇಲಿರಲಿಲ್ಲ. ಮೂಡಲಲ್ಲಿ ಮುದುರಿಕೊಂಡು ಬಿದ್ದಿದ್ದ ಬೋಳು ಗುಡ್ಡಗಳ ಬಣ್ಣವನ್ನು ಅವನು ಓದುತ್ತಿದ್ದ. ಯಾಕೋ ಆ ಗುಡ್ಡಗಳು ಅವನನ್ನು ಕರೆಯುತ್ತಿದ್ದವು.

ಹೆಸರು ಎಡ್ ಶೆಫ್ಲಿನ್. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ, ಕಂಡವರು ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚೆಂದು ನಂಬುತ್ತಿದ್ದರು. ಆರಡಿ ದಾಟಿದ ಎತ್ತರ, ಹೆಗಲಿನಿಂದ ಕೆಳಗಿಳಿದ ಜಡೆಗಟ್ಟಿದ ಕಪ್ಪು ಕೂದಲು, ಬಾಚಣಿಗೆ ಕಾಣದ ಗಡ್ಡ. ಬಟ್ಟೆಗೆ ಜಿಂಕೆಯ ಚರ್ಮದ ತೇಪೆ, ತೇಪೆಯ ಮೇಲೆ ಇನ್ನೊಂದು ತೇಪೆ. ತಲೆಯ ಟೊಪ್ಪಿಗೆಗೆ ಮೊಲದ ಚರ್ಮ ಹೊಲಿದು ಹೊಲಿದು, ಮೂಲದ ಟೊಪ್ಪಿಗೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಆಸ್ತಿ ಅಂದರೆ ಎರಡು ಹೇಸರಗತ್ತೆ, ಒಂದು ಗುದ್ದಲಿ, ಒಂದು ಬಂದೂಕು.

ಆ ಗುಂಡಿಯ ಪಕ್ಕದಲ್ಲೊಂದು ಮಣ್ಣಿಟ್ಟಿಗೆಯ ಗುಡಿಸಲಿತ್ತು. ಅದರ ಕಥೆ ಗೊತ್ತಿದ್ದವರು ಅಲ್ಲಿ ರಾತ್ರಿ ಕಳೆಯಲು ಒಪ್ಪುತ್ತಿರಲಿಲ್ಲ. ಫ್ರೆಡರಿಕ್ ಬ್ರಂಕೋ ಎಂಬ ಜರ್ಮನ್ ಎಂಜಿನಿಯರ್ ಸಾನ್ ಪೆಡ್ರೊ ನದಿಯ ಬಳಿ ಬೆಳ್ಳಿ ತೆಗೆಯುತ್ತೇನೆಂದು ಕಟ್ಟಿಸಿದ ಗುಡಿಸಲು ಅದು. 1860ರ ಜುಲೈನಲ್ಲಿ ಅವನ ಜೊತೆಗಾರನೊಬ್ಬ ಹಿಟ್ಟು ತರಲು ಕೋಟೆಗೆ ಹೋದ. ಮರಳಿ ಬಂದಾಗ ದೀಪವಿಲ್ಲ, ಸದ್ದಿಲ್ಲ, ನಾತ ಮಾತ್ರ. ಕೆಲಸದಾಳುಗಳು ದಂಗೆಯೆದ್ದು ಮೂವರನ್ನು ಕೊಂದು ಮೆಕ್ಸಿಕೊಗೆ ಓಡಿಹೋಗಿದ್ದರು. ಬ್ರಂಕೋನ ಹೆಣದಲ್ಲಿ ಬಂಡೆ ಕೊರೆಯುವ ಅವನದೇ ಉಳಿ ನಾಟಿತ್ತು. ಹದಿನಾಲ್ಕು ವರ್ಷದ ಮೇಲೆ, ಅರಿಜೋನ ಪ್ರಾಂತ್ಯದ ಮೊತ್ತಮೊದಲ ಮಾರ್ಷಲ್ ಆಗಿದ್ದ ಮಿಲ್ಟನ್ ಡಫೀಲ್ಡ್ ಆ ಗಣಿ ತನ್ನದೆಂದು ಜಗಳಕ್ಕೆ ಹೋಗಿ ಅದೇ ಬಾಗಿಲ ಮುಂದೆ ಗುಂಡು ತಿಂದು ಸತ್ತ. ಇಂಥ ಜಾಗವನ್ನು ಶೆಫ್ಲಿನ್ ತನ್ನ ಬಿಡಾರ ಮಾಡಿಕೊಂಡ. ದೆವ್ವಕ್ಕೆ ಹೆದರುವಷ್ಟು ಪುರಸೊತ್ತು ಅವನಿಗಿರಲಿಲ್ಲವೇನೋ. ಗೋಡೆಯಿತ್ತು, ಒಲೆಯಿತ್ತು, ಕಾವಲಿಗೆ ಒಂದಿಷ್ಟು ಕೂಲಿ ಸಿಗುತ್ತಿತ್ತು.

ಕಾವಲು ಯಾಕೆ ಬೇಕಿತ್ತು ಅಂದರೆ, 1872ರ ಗಣಿ ಕಾನೂನಿನ ಪ್ರಕಾರ ಯಾರೇ ಒಂದು ಜಾಗದ ಮೇಲೆ ಹಕ್ಕು ಹೂಡಿದರೂ ವರ್ಷಕ್ಕೆ ನೂರು ಡಾಲರಿನಷ್ಟಾದರೂ ಕೆಲಸ ಅಲ್ಲಿ ಮಾಡಿ ತೋರಿಸಬೇಕಿತ್ತು. ಮಾಡದಿದ್ದರೆ ಹಕ್ಕು ಬಿದ್ದುಹೋಗುತ್ತಿತ್ತು. ಹಾಗಾಗಿ ಜೀವ ಕೈಯಲ್ಲಿ ಹಿಡಿದು ಬಂದು ಒಂದಿಷ್ಟು ಅಗೆದು ಓಡಿಹೋಗುವವರಿದ್ದರು. ಅಗೆಯುವಾಗ ಬೆನ್ನಿಗೆ ಬಾಣವೋ ಗುಂಡೋ ಬೀಳದಂತೆ ನೋಡಿಕೊಳ್ಳಲು ಇನ್ನೊಬ್ಬ ಬೇಕು.

ಶೆಫ್ಲಿನ್ ಹುಟ್ಟಿದ್ದು 1847ರಲ್ಲಿ ಪೆನ್ಸಿಲ್ವೇನಿಯದಲ್ಲಿ, ಬೆಳೆದದ್ದು ಪಡುವಣದ ಆರೆಗನ್‌ನಲ್ಲಿ. ಮನೆಯ ಹಿಂದಿನ ಹೊಳೆಯಲ್ಲಿ ಚಿನ್ನದ ಮರಳು ಸೋಸುವವರನ್ನು ನೋಡುತ್ತಲೇ ಬೆಳೆದ ಹುಡುಗ. ಮೀಸೆ ಮೂಡುವ ಮುಂಚೆಯೇ ಮನೆ ಬಿಟ್ಟ. ಐಡಹೊ, ನೆವಾಡ, ಕೊಲರಾಡೊ, ನ್ಯೂ ಮೆಕ್ಸಿಕೊ, ಕೊನೆಗೆ ಹೆಸರಲ್ಲೇ ಸಾವಿರುವ ಡೆತ್ ವ್ಯಾಲಿಯನ್ನೂ ಬಿಡಲಿಲ್ಲ. ಹನ್ನೆರಡು ವರ್ಷ ಕಲ್ಲು ಒಡೆದದ್ದೇ ಬಂತು. ಸಿಕ್ಕಿದ್ದನ್ನೆಲ್ಲ ಮುಂದಿನ ಹುಡುಕಾಟದ ಹಿಟ್ಟು ಬೇಳೆಗೆ ಸುರಿದ. ಇದನ್ನು ಛಲ ಅನ್ನಬೇಕೋ ಹುಚ್ಚು ಅನ್ನಬೇಕೋ ನನಗೆ ಗೊತ್ತಾಗುವುದಿಲ್ಲ. ಬೆಳ್ಳಿ ಸಿಕ್ಕಿದ್ದರಿಂದ ನಾವು ಛಲ ಅನ್ನುತ್ತೇವೆ, ಅಷ್ಟೆ.

1877ರ ಮೊದಲಲ್ಲಿ, ಸೇನೆ ಸೇರಿಸಿಕೊಂಡಿದ್ದ ವಾಲಪೈ ಬುಡಕಟ್ಟಿನ ಬೇಹುಗಾರರ ಗುಂಪೊಂದು ತೆಂಕಣಕ್ಕೆ ಹೊರಟಿತ್ತು. ಶೆಫ್ಲಿನ್ ಅವರ ಬೆನ್ನು ಹಿಡಿದ. ಸೈನಿಕರ ನೆರಳಿದ್ದರೆ ಗುಡ್ಡ ಹುಡುಕಬಹುದು ಎಂಬ ಲೆಕ್ಕ. ಅವರು ಬಂದು ನಿಂತದ್ದು ವಾಚೂಕ ಬೆಟ್ಟದ ಬುಡಕ್ಕೆ. ಅಲ್ಲಿ 1877ರ ಮಾರ್ಚ್ 3ರಂದು ಕ್ಯಾಪ್ಟನ್ ಸಾಮ್ಯುಯೆಲ್ ವಿಟ್‌ಸೈಡ್ ಹೊಸ ದಂಡಿನ ಬಿಡಾರ ಹೂಡಿದ್ದ. ಸೈನಿಕರ ಹಿಂದೆ ಸುತ್ತಿದ ಶೆಫ್ಲಿನ್‌ಗೆ ಬೇಗನೆ ಬೇಸರ ಬಂತು. ಗಸ್ತಿನವರು ದಾರಿ ನೋಡುತ್ತಾರೆ, ಇವನಿಗೆ ಬಂಡೆ ನೋಡಬೇಕು. ಅವರು ಬೇಗ ಬೇಗ ಸಾಗುತ್ತಾರೆ, ಇವನು ಹೆಜ್ಜೆಗೊಮ್ಮೆ ಕೂರಬೇಕು. ಒಬ್ಬನೇ ಹೊರಟುಬಿಟ್ಟ.

ಎಲ್ಲಿಗೆ? ನದಿಯಾಚೆ, ಚಿರಿಕಾವ ಅಪಾಚೆಗಳ ನೆಲಕ್ಕೆ. ಈ ನೆಲದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಸಾಹಸದ ಕಥೆಗಳಲ್ಲಿ ಅಪಾಚೆಗಳು ಸುಮ್ಮನೆ ಬಂಡೆಯ ಹಿಂದಿನಿಂದ ನೆಗೆದು ಬರುತ್ತಾರೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷ ಕಾದಾಡಿದ ಮೇಲೆ 1872ರಲ್ಲಿ ಅವರ ನಾಯಕ ಕೊಚೀಸ್ ಒಂದು ಒಪ್ಪಂದಕ್ಕೆ ಬಂದಿದ್ದ. ಡ್ರಾಗೂನ್ ಮತ್ತು ಚಿರಿಕಾವ ಬೆಟ್ಟಸಾಲು ಅವರಿಗೆ, ಬದಲಿಗೆ ಯುದ್ಧ ಬಂದ್. ಅವನು ಮಾತು ಉಳಿಸಿಕೊಂಡ. 1874ರಲ್ಲಿ ತೀರಿಕೊಂಡ ಅವನನ್ನು ಅವನ ಜನ ಡ್ರಾಗೂನ್ ಬೆಟ್ಟದ ಬಂಡೆಗಳ ಸಂದಿಯಲ್ಲೆಲ್ಲೋ ಗುಟ್ಟಾಗಿ ಹೂತರು. ಜಾಗ ಇವತ್ತಿಗೂ ಯಾರಿಗೂ ತಿಳಿದಿಲ್ಲ. 1876ರಲ್ಲಿ ಸರ್ಕಾರ ಒಪ್ಪಂದವನ್ನು ಮುರಿದು, ಆ ಜನರನ್ನು ಬಡಗಣದ ಸಾನ್ ಕಾರ್ಲೋಸ್‌ನ ಸೆಕೆಗೂಡಿಗೆ ಎತ್ತಂಗಡಿ ಮಾಡಿತು. ಹೋದವರು ಕೆಲವರು. ಜೆರೊನಿಮೊ ಮತ್ತು ಅವನ ಜೊತೆಯವರು ಗಡಿ ದಾಟಿ ತಪ್ಪಿಸಿಕೊಂಡರು, ಸಿಟ್ಟು ಹೊತ್ತು ಆಗಾಗ ಮರಳಿ ಬರುತ್ತಿದ್ದರು. ಶೆಫ್ಲಿನ್ ಕಾಲಿಟ್ಟದ್ದು ಹೀಗೆ ಮನೆಯವರನ್ನು ಹೊರಹಾಕಿ ಇನ್ನೂ ಬಾಗಿಲು ಮುಚ್ಚದ ಮನೆಗೆ.

ದಂಡಿನ ಬಿಡಾರಕ್ಕೆ ಹಿಟ್ಟು, ಉಪ್ಪು, ಮದ್ದುಗುಂಡಿಗಾಗಿ ಅವನು ಆಗಾಗ ಬರುತ್ತಿದ್ದ. ಸೈನಿಕರಿಗೆ ಅದೊಂದು ಮೋಜು. ಏನಾದರೂ ಸಿಕ್ಕಿತೇನಯ್ಯಾ ಎಂದು ಕೇಳುವುದು, ಇನ್ನೂ ಇಲ್ಲ, ಸಿಗುತ್ತದೆ ಎಂದು ಇವನು ಹೇಳುವುದು. ಆಗ ಬಂತು ಆ ಕಟಕಿ: ಅಲ್ಲಿ ನಿನಗೆ ಸಿಗುವ ಕಲ್ಲು ಒಂದೇ, ಅದು ನಿನ್ನ ಗೋರಿಕಲ್ಲು.

ಈ ಮಾತು ಆಡಿದವನು ಬೇಹುಗಾರರ ಮುಖ್ಯಸ್ಥ ಆಲ್ ಸೀಬರ್ ಎಂದು ಹೆಚ್ಚಿನ ಪುಸ್ತಕಗಳು ಹೇಳುತ್ತವೆ. ಯಾರೋ ಒಬ್ಬ ಸೈನಿಕ ಅನ್ನುವವರೂ ಇದ್ದಾರೆ. ಶವಪೆಟ್ಟಿಗೆಯನ್ನೂ ಜೊತೆಗೇ ಒಯ್ಯಿ ಎಂದು ಸೇರಿಸಿದ ಪಾಠಾಂತರವೂ ಇದೆ. ನನಗನ್ನಿಸುವುದು, ಇಂಥ ಮಾತಿಗೆ ಒಬ್ಬನೇ ಒಡೆಯ ಇರುವುದಿಲ್ಲ. ಹೊತ್ತು ಹೋಗದ ದಂಡಿನ ಬಿಡಾರದಲ್ಲಿ ಒಬ್ಬ ಆಡಿದ ಚುಚ್ಚುಮಾತು ಸಂಜೆಯೊಳಗೆ ನೂರು ಬಾಯಿಗೆ ಹೋಗಿರುತ್ತದೆ. ಕೇಳಿದವನಿಗೆ ಮಾತ್ರ ಅದು ಎದೆಯಲ್ಲಿ ಮುಳ್ಳಿನಂತೆ ಕೂತಿತು.

ತಮಾಷೆಯಲ್ಲಿ ಸುಳ್ಳೇನೂ ಇರಲಿಲ್ಲ. ಆ ಗುಡ್ಡಗಳಲ್ಲಿ ಒಂಟಿ ಮನುಷ್ಯ ಬದುಕಿ ಉಳಿಯಬೇಕಾದರೆ ಮನುಷ್ಯರ ಅಭ್ಯಾಸಗಳನ್ನೆಲ್ಲ ಬಿಡಬೇಕಿತ್ತು. ಹಗಲಲ್ಲಿ ಹೊಗೆ ಎದ್ದರೆ ಹತ್ತು ಹರದಾರಿಗೆ ಕಾಣುತ್ತದೆ, ರಾತ್ರಿ ಬೆಂಕಿ ಅದಕ್ಕಿಂತ ದೂರಕ್ಕೆ. ಉಂಡ ಜಾಗದಲ್ಲಿ ಮಲಗುವಂತಿಲ್ಲ. ನೀರಿನ ಒರತೆಯ ಹತ್ತಿರ ತಂಗುವಂತೆಯೇ ಇಲ್ಲ, ಬಾಯಾರಿದವರೆಲ್ಲ ಅಲ್ಲಿಗೇ ಬರುತ್ತಾರೆ. ಹೇಸರಗತ್ತೆ ಒಮ್ಮೆ ಕೂಗಿದರೆ ಮುಗಿಯಿತು. ಜಿಂಕೆ ಹೊಡೆದರೆ ಊಟ ಸಿಕ್ಕಿತು, ಆದರೆ ಗುಂಡಿನ ಸದ್ದು ಕಣಿವೆಯಿಂದ ಕಣಿವೆಗೆ ಹೋಗಿ ನಿನ್ನ ವಿಳಾಸ ಹೇಳಿ ಬರುತ್ತದೆ. ಇದರ ಮೇಲೆ ಸಾಲುಮುಳ್ಳಿನ ಒಕೊಟಿಯೊ ಗಿಡ, ಬಂಡೆಯ ಅಡಿಯ ಗಿಲಕಿ ಹಾವು, ಜುಲೈ ಬಂತೆಂದರೆ ಮಧ್ಯಾಹ್ನ ಕಪ್ಪಿಟ್ಟು ಬಡಿಯುವ ಗುಡುಗು ಮಳೆ. ಒಣಗಿದ ಹಳ್ಳ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಳುದ್ದ ನೀರಾಗಿ ಕಲ್ಲು ಉರುಳಿಸಿಕೊಂಡು ಬರುತ್ತದೆ.

ಅವನನ್ನು ಉಳಿಸಿದ್ದೂ ಆ ಹಳ್ಳಗಳೇ. ಗುಡ್ಡದ ಮೇಲೆಲ್ಲೋ ಅದಿರಿನ ಪಟ್ಟಿ ನೆಲದಿಂದ ಹೊರಗೆ ಇಣುಕಿದ್ದರೆ, ಬಿಸಿಲಿಗೆ ಬಿರಿದು, ಮಳೆಗೆ ಕಳಚಿ, ಅದರ ಚೂರುಗಳು ಹಳ್ಳ ಹಿಡಿದು ಕೆಳಗಿಳಿಯುತ್ತವೆ. ಗಣಿಯವರು ಅದನ್ನು ಫ್ಲೋಟ್ ಅನ್ನುತ್ತಾರೆ. ಹಳ್ಳದ ಕೆಳಗೆ ಸಿಕ್ಕ ಚೂರು ಉರುಳಿ ಉರುಳಿ ಗುಂಡಗಾಗಿರುತ್ತದೆ. ಮೇಲೆ ಹತ್ತಿದಂತೆ ಅಂಚುಗಳು ಚೂಪಾಗುತ್ತ ಹೋಗುತ್ತವೆ. ಒಂದು ಕಡೆ ಚೂರು ಸಿಗುವುದೇ ನಿಂತುಬಿಟ್ಟರೆ ನೀನು ಮನೆ ದಾಟಿ ಬಂದಿದ್ದೀಯ ಎಂದು ಅರ್ಥ, ಹಿಂದೆ ತಿರುಗಬೇಕು. ಬೇಟೆಗಾರ ರಕ್ತದ ಹನಿ ಹಿಡಿದು ಗಾಯಗೊಂಡ ಮಿಗದ ಹಿಂದೆ ಹೋಗುವ ಹಾಗೆ ಶೆಫ್ಲಿನ್ ಈ ಚೂರುಗಳ ಹಿಂದೆ ಹೋದ. ಬಾಗಿ ಎತ್ತಬೇಕು, ಒಡೆಯಬೇಕು, ಎದ್ದು ಸುತ್ತ ನಾಲ್ಕು ದಿಕ್ಕು ನೋಡಬೇಕು, ಮತ್ತೆ ಬಾಗಬೇಕು. ಬಾಗಿದಷ್ಟೂ ಹೊತ್ತು ಬೆನ್ನು ಬಯಲಿಗೆ ಬಿದ್ದಿರುತ್ತದೆ.

ಒಂದು ದಿನ ಕಲ್ಲಿನ ಅಂಚು ಕೈ ಕೊಯ್ಯುವಷ್ಟು ಚೂಪಾಯಿತು. ಆಮೇಲೆ ಪಟ್ಟಿಯೇ ಕಂಡಿತು. ಸುಮಾರು ಐವತ್ತು ಅಡಿ ಉದ್ದ, ಒಂದು ಅಡಿ ಅಗಲದ ಬೆಳ್ಳಿಯ ಅದಿರು, ನೆಲದ ಮೇಲೆ ಹಾಗೇ ಬಿದ್ದಿತ್ತು.

ಹಕ್ಕು ಹೂಡುವುದಕ್ಕೆ ಆ ಕಾಲದಲ್ಲಿ ಕಚೇರಿಗಿಂತ ಮೊದಲು ಬೇಕಾದದ್ದು ಕಲ್ಲು. ನಮ್ಮ ಹೊಲಗಳಿಗೆ ಬಾಂದುಕಲ್ಲು ನೆಡುವ ಹಾಗೆ, ಸಿಕ್ಕ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಗುಡ್ಡೆ ಮಾಡಬೇಕು, ಅದರ ಸಂದಿಯಲ್ಲಿ ಹೆಸರು, ತಾರೀಖು, ಜಾಗದ ಗುರುತು ಬರೆದ ಚೀಟಿ ಇಡಬೇಕು. ಉದ್ದ 1,500 ಅಡಿ, ಅಗಲ 600 ಅಡಿ ಮೀರದಷ್ಟು ಜಾಗ ನಿನ್ನದು. ದೂರದಿಂದ ನೋಡಿದವನಿಗೆ ಆ ಗುಡ್ಡೆ ಗೋರಿಯಂತೆಯೇ ಕಾಣುತ್ತದೆ. ಶೆಫ್ಲಿನ್ ಕಲ್ಲು ಪೇರಿಸುವಾಗ ಅವನಿಗೂ ಹಾಗೆಯೇ ಕಂಡಿರಬೇಕು. 1877ರ ಸೆಪ್ಟೆಂಬರ್‌ನಲ್ಲಿ ಟೂಸಾನ್ ಊರಿನ ದಾಖಲೆಯಲ್ಲಿ ಅವನ ಹಕ್ಕುಗಳು ಏರಿದವು. ಒಂದರ ಹೆಸರು ಟೂಮ್‌ಸ್ಟೋನ್, ಅಂದರೆ ಗೋರಿಕಲ್ಲು. ಇನ್ನೊಂದು ಗ್ರೇವ್‌ಯಾರ್ಡ್, ಸ್ಮಶಾನ. ಬಿಡಾರದ ನಗು ಸರ್ಕಾರಿ ಪುಸ್ತಕದಲ್ಲಿ ಶಾಯಿಯಾಗಿ ಕೂತಿತು. ತನ್ನ ತಲೆಯ ಮೇಲೆ ತಾನೇ ಕಲ್ಲುಚಪ್ಪಡಿ ಎಳೆದುಕೊಂಡ ಎನ್ನುತ್ತೇವಲ್ಲ, ಇವನು ಎಳೆದುಕೊಂಡು ಅದರ ಮೇಲೆ ಹೆಸರೂ ಕೆತ್ತಿದ.

ಹೆಸರೇನೋ ಆಯಿತು. ಜೇಬಿನಲ್ಲಿ ಉಳಿದದ್ದು ಮೂವತ್ತು ಸೆಂಟ್.

ಅದಿರಿನಲ್ಲಿ ಬೆಳ್ಳಿ ಎಷ್ಟಿದೆ ಎಂದು ಪರೀಕ್ಷೆ ಮಾಡಿಸದೆ ಯಾರೂ ಒಂದು ಕಾಸು ಹೂಡುವುದಿಲ್ಲ, ಪರೀಕ್ಷೆಗೆ ಕಾಸು ಬೇಕು. ತಮ್ಮ ಆಲ್ ಬಡಗಣದ ಗಣಿಗಳಲ್ಲಿ ಕೂಲಿಗಿದ್ದಾನೆ, ಅವನಲ್ಲಿ ಏನಾದರೂ ಇದ್ದೀತು. ಅದಿರಿನ ಚೂರುಗಳನ್ನು ಚೀಲಕ್ಕೆ ತುಂಬಿ, ಹೇಸರಗತ್ತೆಗೆ ಹೇರಿ ಹೊರಟ. ಹಸಿವಾದರೆ ಜಿಂಕೆ, ಅದೂ ಸಿಕ್ಕ ದಿನ. ಗ್ಲೋಬ್ ಊರಿನ ಕಡೆ ಹೋಗಿ ನೋಡಿದರೆ ತಮ್ಮ ಅಲ್ಲಿಲ್ಲ. ಪ್ರಾಂತ್ಯದ ಇನ್ನೊಂದು ಮೂಲೆಗೆ, ಸಿಗ್ನಲ್ ಎಂಬ ಗಣಿಯೂರಿಗೆ ಹೋಗಿಬಿಟ್ಟಿದ್ದಾನೆ. ನೂರಾರು ಮೈಲಿ ಮರಳುಗಾಡು. ಅನ್ನಕ್ಕಾಗಿ ದಾರಿಯಲ್ಲಿ ಕೆಲವು ದಿನ ಗಣಿಯೊಂದರಲ್ಲಿ ಕೂಲಿ ಮಾಡಿ, ಮತ್ತೆ ಹೊರಟ.

ಸಿಗ್ನಲ್ ತಲುಪಿದ. ತಮ್ಮ ಸಿಕ್ಕಿದ. ಚೀಲ ಬಿಚ್ಚಿದರು. ಗಣಿ ಬಲ್ಲವರೆಂದು ಹೆಸರಾದ ಹತ್ತಾರು ಮಂದಿಗೆ ತೋರಿಸಿದರು. ಒಬ್ಬೊಬ್ಬರೇ ಕಲ್ಲನ್ನು ಅಂಗೈಯಲ್ಲಿ ತೂಗಿ, ಬೆಳಕಿಗೆ ಹಿಡಿದು, ವಾಪಸು ಕೊಟ್ಟರು. ಸೀಸ ಇದ್ದೀತು, ಬೆಳ್ಳಿ ಲೆಕ್ಕಕ್ಕಿಲ್ಲ. ಅಪಾಚೆಗಳ ಕೈಗೂ ಸಿಗದವನು, ಬಾಯಾರಿಕೆಗೂ ಬೀಳದವನು, ಇಲ್ಲಿ ಮಂದಿಯ ನಡುವೆ ನಿಂತು ಮುರಿದ. ಗುಡ್ಡದ ಅಂಚಿಗೆ ಹೋಗಿ ಕಲ್ಲುಗಳನ್ನು ಒಂದೊಂದಾಗಿ ಕೈ ಬೀಸಿದಷ್ಟು ದೂರ ಎಸೆದ. ಎಲ್ಲ ಎಸೆದು ಮೂರನ್ನು ಮಾತ್ರ ಇಟ್ಟುಕೊಂಡ. ಅವನ್ನೂ ಎಸೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಅವನೂ ಅಲ್ಲೇ ಕೂಲಿಗೆ ಸೇರಿ ಅದಿರು ಎತ್ತಿಹಾಕತೊಡಗಿದ. ಆಗ ಆ ಊರಿಗೆ ರಿಚರ್ಡ್ ಗರ್ಡ್ ಎಂಬ ಪರೀಕ್ಷಕ ಬಂದಿದ್ದ. ಮಿತಮಾತಿನ ಮನುಷ್ಯ, 1865ರಲ್ಲಿ ಅರಿಜೋನ ಪ್ರಾಂತ್ಯದ ಅಧಿಕೃತ ನಕ್ಷೆ ಬರೆದವನು ಅವನೇ. ತಮ್ಮನ ಕೈಯಲ್ಲಿ ಆ ಮೂರು ಕಲ್ಲು ಅವನಲ್ಲಿಗೆ ಹೋದವು. ಗರ್ಡ್ ಕಣ್ಣಂದಾಜಿನ ಮನುಷ್ಯನಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೀಸದ ಪುಡಿ ಮತ್ತು ಕ್ಷಾರ ಬೆರೆಸಿ ಮೂಸೆಯಲ್ಲಿಟ್ಟು ಕರಗಿಸುತ್ತಾರೆ. ಕರಗಿದ ಸೀಸ ಅದಿರಿನಲ್ಲಿರುವ ಬೆಳ್ಳಿಯನ್ನೆಲ್ಲ ಗುಡಿಸಿಕೊಂಡು ತಳಕ್ಕೆ ಇಳಿಯುತ್ತದೆ. ಆ ಸೀಸದ ಗುಂಡನ್ನು ಎಲುಬಿನ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕುಲುಮೆಗೆ. ಬೂದಿ ಸೀಸವನ್ನು ಹೀರಿಕೊಳ್ಳುತ್ತದೆ, ಬೆಳ್ಳಿಯನ್ನು ಹೀರುವುದಿಲ್ಲ. ಕೊನೆಯ ಕ್ಷಣ ಒಂದು ಮಿಂಚು ಹೊಡೆದು ಸಾಸಿವೆಯಂಥ ಬೆಳ್ಳಿಯ ಕಾಳು ಉಳಿಯುತ್ತದೆ. ಅದನ್ನು ತೂಗಿದರೆ ಟನ್ನಿಗೆಷ್ಟು ಎಂದು ತಿಳಿಯುತ್ತದೆ.

ಒಂದು ಕಲ್ಲು ಟನ್ನಿಗೆ 40 ಡಾಲರ್. ಇನ್ನೊಂದು 600. ಮೂರನೆಯದು 2,000.

ಗರ್ಡ್ ಎಲ್ಲಿಂದ ತಂದಿರಿ ಎಂದಷ್ಟೇ ಕೇಳಿದ. ಮೂವರೂ ಪಾಲುದಾರರೆಂದು ಕೈ ಕುಲುಕಿದರು. ಆಗಲೂ ಆಮೇಲೂ ಅದನ್ನು ಕಾಗದದಲ್ಲಿ ಬರೆದುಕೊಳ್ಳಲಿಲ್ಲ. ಲಕ್ಷಾಂತರ ಡಾಲರ್ ಕೈ ಬದಲಾದ ಮೇಲೂ ಆ ಮಾತು ಮುರಿಯಲಿಲ್ಲ ಎಂಬುದನ್ನು, ಬೆಳ್ಳಿಗಾಗಿ ಅಣ್ಣ ತಮ್ಮನನ್ನು ಕೊಲ್ಲುತ್ತಿದ್ದ ಆ ನಾಡಿನಲ್ಲಿ, ನಾನು ಬೆಳ್ಳಿಗಿಂತ ದೊಡ್ಡ ಪವಾಡ ಎಂದು ಎಣಿಸುತ್ತೇನೆ.

1878ರ ಫೆಬ್ರುವರಿಯಲ್ಲಿ ಸದ್ದಿಲ್ಲದೆ ಹೊರಟರು. ಒಳ್ಳೆಯ ಸಂಬಳದ ಕೆಲಸ ಬಿಟ್ಟು ಗರ್ಡ್ ಇಬ್ಬರು ಭಿಕಾರಿಗಳ ಜೊತೆ ಹೋಗುತ್ತಿದ್ದಾನೆ ಅಂದರೆ ಏನೋ ಇದೆ ಎಂದು ಊಹಿಸಲು ಸಿಗ್ನಲ್ ಊರಿಗೆ ಜಾತಕ ಬೇಕಿರಲಿಲ್ಲ. ಒಂದು ಗಾಡಿ, ಹೇಸರಗತ್ತೆ, ಪರೀಕ್ಷೆಯ ಸಲಕರಣೆ, ಮೂರು ಬಂದೂಕು. ಮರಳುಗಾಡು ದಾಟಿ, ಟೂಸಾನ್ ದಾಟಿ, ಬಂದು ಇಳಿದದ್ದು ಅದೇ ಬ್ರಂಕೋನ ಗುಡಿಸಲಿಗೆ. ಮೂವರು ಸತ್ತ ಮನೆಯ ಒಲೆಯಲ್ಲಿ ಗರ್ಡ್ ತನ್ನ ಕುಲುಮೆ ಕಟ್ಟಿದ.

ಮರುದಿನದಿಂದಲೇ ಎಡ್‌ನ ಮೊದಲ ಪಟ್ಟಿಯನ್ನು ಅಗೆದರು. ಮೇಲೆ ಹೊಳೆದ ಅದಿರು ಮೂರಡಿ ಕೆಳಗೆ ಮುಗಿದೇಹೋಯಿತು. ಮೂರೇ ಅಡಿ! ಅದರಾಚೆ ಬರಿ ಬಂಡೆ. ಗುಡ್ಡ ಅಗೆದು ಇಲಿ ಹಿಡಿದರು ಅನ್ನಲು ಇಲಿಯೂ ಸಿಗಲಿಲ್ಲ. ಸ್ಮಶಾನ ಎಂದು ಹೆಸರಿಟ್ಟದ್ದಕ್ಕೆ ಅಲ್ಲಿ ಮೂವರ ಆಸೆ ಹೂಳುವಷ್ಟು ಗುಂಡಿಯಾಯಿತು. ತಮ್ಮ ಆಲ್ ಗಂಟುಮೂಟೆ ಕಟ್ಟಿ ಹಿಂದಿರುಗೋಣ ಅಂದ. ಎಡ್ ಕೇಳಲಿಲ್ಲ. ಹಗಲೆಲ್ಲ ಗುಡ್ಡ ಸುತ್ತುವುದು, ಸಂಜೆ ಕಲ್ಲು ತಂದು ಗರ್ಡ್‌ನ ಮುಂದೆ ಸುರಿಯುವುದು, ರಾತ್ರಿ ಆ ಒಲೆ ಉರಿಯುವುದು. ಕಿಟಕಿಯಿಂದ ಹೊರಬಿದ್ದ ಬೆಂಕಿಯ ಬೆಳಕು ಯಾರನ್ನು ಕರೆದು ತರುತ್ತದೋ ಎಂಬ ಭಯ ಬೇರೆ.

ಒಂದು ಸಂಜೆ ತಂದ ಕಲ್ಲು ಬೇರೆಯಾಗಿತ್ತು. ಮೇಣದಂಥ ಮೈ, ಕೊಂಬಿನಂಥ ಬಣ್ಣ. ಬೆಳ್ಳಿ ಮತ್ತು ಕ್ಲೋರಿನ್ ಕೂಡಿ ಆಗುವ ಇದನ್ನು ಗಣಿಯವರು ಕೊಂಬಿನ ಬೆಳ್ಳಿ ಎಂದೇ ಕರೆಯುತ್ತಾರೆ, ಚಾಕುವಿನಲ್ಲಿ ಹೆರೆದರೆ ಸುರುಳಿ ಏಳುತ್ತದೆ. ನಾಣ್ಯವೊಂದನ್ನು ಇಟ್ಟು ಒತ್ತಿದರೆ ಅದರ ಅಚ್ಚು ಕಲ್ಲಿನಲ್ಲಿ ಮೂಡುತ್ತಿತ್ತಂತೆ. ಗರ್ಡ್ ಪರೀಕ್ಷಿಸಿದ. ಟನ್ನಿಗೆ 15,000 ಡಾಲರಿನ ಬೆಳ್ಳಿ, ಮೇಲೆ ಸಾವಿರ ದಾಟಿದ ಬೆಲೆಯ ಚಿನ್ನ. ತಮ್ಮ ಅಣ್ಣನನ್ನು ನೋಡಿ ಎಂಥ ಅದೃಷ್ಟದ ಪೀಡೆಯಪ್ಪ ನೀನು ಎಂದು ಬೈದನಂತೆ. ಆ ಬೈಗುಳವೇ ಗಣಿಯ ಹೆಸರಾಯಿತು: ಲಕ್ಕಿ ಕಸ್.

ಆಮೇಲೆ ಸಿಕ್ಕ ಇನ್ನೊಂದು ಅದಿರಿನ ದಿಕ್ಕು ದೆಸೆ ಬೇಗ ಬಗೆಹರಿಯಲಿಲ್ಲ. ಒಡೆಯಲಾರದ ಕಾಯಿ ಎಂದು ಅದಕ್ಕೆ ಟಫ್ ನಟ್ ಎಂದರು. ಆ ಹೊತ್ತಿಗೆ ಇನ್ನಿಬ್ಬರು ಅದೃಷ್ಟಾರ್ಥಿಗಳು ಬಂದು ಪಕ್ಕದಲ್ಲಿ ಬೀಡುಬಿಟ್ಟಿದ್ದರು. ಗರ್ಡ್ ಅವರ ಕಲ್ಲು ಪರೀಕ್ಷಿಸಬೇಕು, ಅವರಿಗೆ ಏನಾದರೂ ಸಿಕ್ಕರೆ ಇವರಿಗೂ ಪಾಲು ಎಂಬ ಮಾತಾಗಿತ್ತು. ಅವರಲ್ಲೊಬ್ಬನಾದ ವಿಲಿಯಮ್ಸ್‌ನ ಹೇಸರಗತ್ತೆ ರಾತ್ರಿ ಕಟ್ಟು ಬಿಚ್ಚಿಕೊಂಡು ಹೋಯಿತು. ಬೆಳಿಗ್ಗೆ ಸರಪಳಿ ಎಳೆದ ಗುರುತು ಹಿಡಿದು ಹೋದವನಿಗೆ, ಸರಪಳಿ ಉಜ್ಜಿದ ಕಡೆ ಬಂಡೆ ಫಳಫಳ ಹೊಳೆಯುವುದು ಕಂಡಿತು. ಸಿಕ್ಕ ಮೇಲೆ ಮಾತು ಮರೆತ. ಜಗಳ ಹತ್ತಿ, ಕೊನೆಗೆ ಪಾಲಾಯಿತು. ಅವರ ಪಾಲಿಗೆ ಗ್ರ್ಯಾಂಡ್ ಸೆಂಟ್ರಲ್ ಎಂಬ ಹೆಸರು ಬಂತು. ಇವರ ಪಾಲಿಗೆ ಬಿದ್ದ ಭಾಗಕ್ಕೆ ಕಂಟೆನ್ಷನ್, ಅಂದರೆ ತಕರಾರು. ಕಟಕಿ, ಬೈಗುಳ, ತಕರಾರು! ಬೇರೆ ಕಡೆ ಜನ ಗಣಿಗೆ ದೇವರ ಹೆಸರೋ ಹೆಂಡತಿಯ ಹೆಸರೋ ಇಡುತ್ತಿದ್ದರು. ಇಲ್ಲಿ ಆಡಿದ ಮಾತುಗಳೇ ಹಾಗೇ ಕಲ್ಲಾದವು.

ನೋಡಿ, ಊರಿಗೆ ಲಕ್ಕಿ ಕಸ್ ಎಂದು ಹೆಸರಿಡಬಹುದಿತ್ತು, ಅದೃಷ್ಟ ತಿರುಗಿದ್ದು ಅದರಿಂದ. ಆದರೆ ಮೊದಲು ದಾಖಲಾದ ಹಕ್ಕಿನ ಹೆಸರು ಇಡೀ ಗಣಿ ಸೀಮೆಗೆ ಹತ್ತಿತು, ಸೀಮೆಯಿಂದ ಊರಿಗೆ ಹತ್ತಿತು. 1879ರ ಮಾರ್ಚ್ 5ರಂದು ಗೂಸ್ ಫ್ಲ್ಯಾಟ್ಸ್ ಎಂಬ ಬಯಲಿನಲ್ಲಿ ಸೋಲನ್ ಆಲಿಸ್ ಎಂಬ ಸರ್ವೆಯರ್ ಬೀದಿಗಳ ಗೆರೆ ಎಳೆದ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರ, ಸುತ್ತ ಮುಳ್ಳು, ಕುಡಿಯಲು ನೀರಿಲ್ಲ, ಪೀಪಾಯಿಯಲ್ಲಿ ಹೊತ್ತು ತರಬೇಕು. ನಲವತ್ತು ಗುಡಿಸಲು, ನೂರು ಜನ. ಒಂದು ಬೀದಿಗೆ ಟಫ್ ನಟ್ ಎಂದೇ ಹೆಸರು. ಊರಿನ ಹೆಸರು ಟೂಮ್‌ಸ್ಟೋನ್.

ಜೂನ್ ಹೊತ್ತಿಗೆ ನದಿಯ ದಡದಲ್ಲಿ ಅದಿರು ಕುಟ್ಟುವ ಗಿರಣಿಯ ಒನಕೆಗಳು ಹಗಲಿರುಳು ಬಡಿಯತೊಡಗಿದವು. ಎರಡೇ ವರ್ಷದಲ್ಲಿ ಗುಡಿಸಲುಗಳ ಜಾಗದಲ್ಲಿ ಸಾವಿರಾರು ಜನ, ಸಲೂನು, ಜೂಜಿನ ಕಟ್ಟೆ, ಚರ್ಚು, ನಾಟಕಶಾಲೆ. 1880ರ ಮೇ 1ರಂದು ಅಲ್ಲಿ ಒಂದು ಪತ್ರಿಕೆಯೂ ಹುಟ್ಟಿತು. ಅದರ ಹೆಸರು ಎಪಿಟಾಫ್, ಗೋರಿಯ ಮೇಲಿನ ಬರಹ. ಗೋರಿಕಲ್ಲು ಇದ್ದ ಮೇಲೆ ಬರಹ ಬೇಡವೇ ಎಂದ ಸಂಪಾದಕ ಜಾನ್ ಕ್ಲಮ್ ಯಾರು ಬಲ್ಲಿರಾ? ನಾಲ್ಕು ವರ್ಷದ ಹಿಂದೆ ಸರ್ಕಾರದ ಅಧಿಕಾರಿಯಾಗಿ ಚಿರಿಕಾವ ಅಪಾಚೆಗಳನ್ನು ಈ ನೆಲದಿಂದ ಎತ್ತಂಗಡಿ ಮಾಡಿಸಿದವನೇ ಅವನು.

ಮುಂದಿನದು ಸಿನಿಮಾ ನೋಡಿದವರಿಗೆಲ್ಲ ಗೊತ್ತು. 1881ರ ಅಕ್ಟೋಬರ್ 26ರಂದು ಓ.ಕೆ. ಕೊರಾಲ್ ಬಳಿ ಅರೆ ನಿಮಿಷದಲ್ಲಿ ಮುಗಿದ ಗುಂಡಿನ ಕಾಳಗ, ಮೂರು ಹೆಣ, ವಾಯಟ್ ಅರ್ಪ್ ಎಂಬ ಹೆಸರು. ಜಗತ್ತು ಊರನ್ನು ನೆನೆಯುವುದು ಆ ಅರೆ ನಿಮಿಷಕ್ಕಾಗಿ. ನನಗೆ ಅದಕ್ಕಿಂತ ನೀರಿನ ಕಥೆ ದೊಡ್ಡದು. ಕುಡಿಯಲು ಹನಿ ನೀರಿಲ್ಲವೆಂದು ಮೈಲಿಗಟ್ಟಲೆ ದೂರದ ವಾಚೂಕ ಬೆಟ್ಟದಿಂದ ಕೊಳವೆ ಎಳೆದು ತಂದ ಊರು ಅದು. ಅದೇ ಊರಿನ ಗಣಿಯಲ್ಲಿ 1881ರಲ್ಲಿ 520 ಅಡಿ ಆಳಕ್ಕೆ ಹೋದಾಗ ನೆಲದಡಿಯ ನೀರು ಉಕ್ಕಿ ಬಂತು. ಮೊದಲು ಹಿಗ್ಗಿದರು, ಆಮೇಲೆ ಬೆಚ್ಚಿದರು. ಕೆಳಗಿಳಿದಷ್ಟೂ ನೀರು. ದೈತ್ಯ ಪಂಪುಗಳನ್ನು ತರಿಸಿ ಕೂರಿಸಿದರು. 1886ರಲ್ಲಿ ಗ್ರ್ಯಾಂಡ್ ಸೆಂಟ್ರಲ್‌ನ ಪಂಪಿನ ಮನೆಗೆ ಬೆಂಕಿ ಬಿತ್ತು. ನೀರೆತ್ತುವ ಯಂತ್ರ ಬೆಂಕಿಗೆ, ಬೆಳ್ಳಿ ನೀರಿಗೆ. ಊರು ಬರಿದಾಗುತ್ತ ಹೋಯಿತು.

ಎಡ್ ಶೆಫ್ಲಿನ್ ಅಷ್ಟರಲ್ಲಿ ಅಲ್ಲಿರಲಿಲ್ಲ. 1880ರಲ್ಲೇ ಅಣ್ಣತಮ್ಮಂದಿರು ತಮ್ಮ ಪಾಲು ಮಾರಿದ್ದರು. ತಮ್ಮ ಆಲ್ ಊರಿಗೊಂದು ನಾಟಕಶಾಲೆ ಕಟ್ಟಿಸಿದ, ಶೆಫ್ಲಿನ್ ಹಾಲ್ ಎಂಬ ಆ ಕಟ್ಟಡ ಇನ್ನೂ ನಿಂತಿದೆ. ಅಣ್ಣನಿಗೆ ಕೂತು ತಿನ್ನುವುದು ಒಗ್ಗಲಿಲ್ಲ. ಹಣ ಬಂದೊಡನೆ ಅಲಾಸ್ಕಕ್ಕೆ ಹೊರಟ. ನ್ಯೂ ರ‍್ಯಾಕೆಟ್ ಎಂಬ ಪುಟ್ಟ ಉಗಿಹಡಗು ಕಟ್ಟಿಸಿ 1882ರಲ್ಲಿ ಯೂಕಾನ್ ನದಿಯ ಮೇಲೆ ನುಗ್ಗಿದ. ತೆಂಕಣ ಅಮೆರಿಕದ ತುದಿಯಿಂದ ಏಷ್ಯದ ತನಕ ಭೂಮಿಯ ಸೊಂಟಕ್ಕೆ ಸುತ್ತಿದ ಲೋಹದ ಪಟ್ಟಿಯೊಂದಿದೆ, ಯೂಕಾನ್ ಅದರ ಮೇಲೇ ಇದೆ ಎಂದು ಅವನ ನಂಬಿಕೆ. ಹಿಮದಲ್ಲಿ ಒಂದು ಚಳಿಗಾಲ ಕಳೆದು, ಅಲ್ಲಷ್ಟು ಇಲ್ಲಷ್ಟು ಚಿನ್ನದ ಪುಡಿ ಕಂಡು, ಈ ಚಳಿಯಲ್ಲಿ ಗಣಿ ನಡೆಸುವುದು ಆಗದ ಮಾತೆಂದು ಮರಳಿಬಂದ. ಅದೇ ಯೂಕಾನ್ ಸೀಮೆಯ ಕ್ಲಾಂಡೈಕ್‌ನಲ್ಲಿ 1896ರಲ್ಲಿ ಚಿನ್ನ ಸಿಕ್ಕಿತು. ಆ ಸುದ್ದಿ ಹೊತ್ತ ಹಡಗುಗಳು ಅಮೆರಿಕದ ದಡ ಮುಟ್ಟುವ ಎರಡು ತಿಂಗಳ ಮುಂಚೆ, 1897ರ ಮೇ 12ರಂದು, ಆರೆಗನ್‌ನ ಕಾಡಿನ ಒಂದು ಗುಡಿಸಲಿನಲ್ಲಿ ಶೆಫ್ಲಿನ್ ಒಬ್ಬನೇ ಸತ್ತುಬಿದ್ದಿದ್ದ. ಐವತ್ತು ಇನ್ನೂ ತುಂಬಿರಲಿಲ್ಲ. ಆಗಲೂ ಅದಿರು ಹುಡುಕುತ್ತಲೇ ಇದ್ದ. ಮತ್ತೆ ದೊಡ್ಡದೊಂದು ಸಿಕ್ಕಿತ್ತು ಎಂಬ ದಂತಕಥೆ ಆ ಕಡೆ ಇನ್ನೂ ಓಡಾಡುತ್ತಿದೆ, ಹುಡುಕಲು ಹೋಗುವವರೂ ಇದ್ದಾರೆ.

ಅವನು ಉಯಿಲು ಬರೆದಿಟ್ಟಿದ್ದ. ಸ್ಮಶಾನದಲ್ಲಿ ಮಾತ್ರ ತನ್ನನ್ನು ಹೂಳಬಾರದು. ಗಣಿ ಹುಡುಕುವವನ ಹಳೆಯ ಬಟ್ಟೆಯಲ್ಲೇ, ಗುದ್ದಲಿ ಮತ್ತು ನೀರಿನ ಡಬ್ಬಿ ಜೊತೆಗಿಟ್ಟು, ಟೂಮ್‌ಸ್ಟೋನ್ ಊರಿನಿಂದ ಪಡುವಣಕ್ಕೆ ಮೂರು ಮೈಲಿ ದೂರದ ಕಲ್ಲುಗುಡ್ಡದ ನೆತ್ತಿಯಲ್ಲಿ ಹೂಳಬೇಕು. ಮೇಲೆ ಕಟ್ಟುವುದಾದರೆ ಹಕ್ಕು ಹೂಡುವಾಗ ಪೇರಿಸುತ್ತಾರಲ್ಲ, ಅಂಥ ಕಲ್ಲುಗುಡ್ಡೆ ಕಟ್ಟಬೇಕು.

ಹೆಣವನ್ನು ಆರೆಗನ್‌ನಿಂದ ಅಲ್ಲಿಗೆ ತಂದರು. ಆಗಲೇ ಅರ್ಧಕ್ಕರ್ಧ ಖಾಲಿಯಾಗಿದ್ದ ಊರು ಗುಡ್ಡ ಹತ್ತಿತು. ಹೇಳಿದ ಹಾಗೆಯೇ ಕಲ್ಲಿನ ಮೇಲೆ ಕಲ್ಲು ಪೇರಿಸಿ ಇಪ್ಪತ್ತೈದು ಅಡಿ ಎತ್ತರದ ಗುಡ್ಡೆ ಎಬ್ಬಿಸಿದರು. ಬಿಡಾರದವರ ಕಟಕಿ ನಿಜವಾಗಲು ಇಪ್ಪತ್ತು ವರ್ಷ ಹಿಡಿಯಿತು. ಈಗಲೂ ಅದು ಅಲ್ಲೇ ಇದೆ. ಅದರ ಬುಡದಲ್ಲಿ ನಿಂತು ಮೂಡಲಿಗೆ ತಿರುಗಿದರೆ, ಕೊಚೀಸ್‌ನನ್ನು ಹೂತ ಡ್ರಾಗೂನ್ ಬೆಟ್ಟಸಾಲು ಬಿಸಿಲಲ್ಲಿ ನೀಲಿಯಾಗಿ ಕಾಣುತ್ತದೆ.